ಮಗುವಿನ ಮುಖ ಮುಚ್ಚುವ ಊರಿನಲ್ಲಿ

ಚಿಕ್ಕೋಡಿಯಿಂದ ಸದಲಗಾಕ್ಕೆ ಹೊರಟ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನ ಎದೆಗೇ ಕೈಹಾಕಿದಳು. ಎದೆಯ ಮೇಲೆ ಉದ್ದನೆಯ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ನನ್ನ ಮೂರು ತಿಂಗಳ ಮಗಳು ಚುಕ್ಕಿ ನಿದ್ದೆ ಹೋಗಿದ್ದಳು. ಆ ಹೆಂಗಸು ಮಗುವಿನ ತಲೆಯ ಮೇಲಿದ್ದ ಕುಂಚಿಗಿಯನ್ನು ಹಿಡಿದು ಮೂಗಿನ ಕೆಳಗಿನವರೆಗೆ ಎಳೆದಳು, ಅಂಚನ್ನು ಕಟ್ಟಿದ ಬಟ್ಟೆಯೊಳಗೆ ತುರುಕಿದಳು, ಮೇಲಿಂದ ಮೆತ್ತಗೆ ತಟ್ಟಿದಳು, ಆಮೇಲೆ ತನ್ನ ಪಾಡಿಗೆ ತಾನು ಶೇಂಗಾ ಬಿಡಿಸಿ ತಿನ್ನತೊಡಗಿದಳು. ನಾನು ಕುಂಚಿಗಿಯನ್ನು ಹಿಂದಕ್ಕೆ ಸರಿಸಿದೆ. ಅವಳು ಮತ್ತೆ ಎಳೆದಳು.

"ಕೂಸಿನ ಮಾರಿ ಮುಚ್ಚ್ರಿ ಯವ್ವಾ, ಗಾಳಿ ಬಡೀತೈತಿ" ಎಂದಳು. ಮಾರಿ ಎಂದರೆ ಇಲ್ಲಿ ಮುಖ.

"ಮುಚ್ಚಿದ್ರೆ ಮಗು ಉಸಿರಾಡೋದು ಹೇಗೆ?" ಎಂದೆ.

"ನಾವೆಲ್ಲಾ ಸಣ್ಣವರಿದ್ದಾಗ ಉಸರಾಡಿಲ್ಲೇನ್ರಿ?" ಎಂದು ಹಿಂದಿನ ಸೀಟಿನ ಮುದುಕರೊಬ್ಬರು ಕೇಳಿದರು. ಬಸ್ಸಿಗೆ ಬಸ್ಸೇ ನಕ್ಕಿತು. "ಮೈಸೂರ ಕಡೀವ್ರು ಕಾಣತಾರ" ಎಂದು ಯಾರೋ ತೀರ್ಪು ಕೊಟ್ಟರು. ನಾನು ಎದ್ದು ಹೋಗಿ ಬಾಗಿಲ ಬಳಿ ಕಂಬ ಹಿಡಿದು ನಿಂತೆ. ಊರು ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ.

ನನ್ನೂರು ಕೊಳ್ಳೇಗಾಲದಲ್ಲಿ ಕೂತು ಇದನ್ನು ಓದುವ ನಿಮಗೆ ಕುಂಚಿಗಿ ಎಂದರೇನೆಂದು ಹೇಳಬೇಕು. ತಲೆಯ ಮೇಲೆ ಟೋಪಿಯ ಹಾಗೆ ಕೂತು, ಬೆನ್ನ ಮೇಲೆ ಸೊಂಟದ ತನಕ ಇಳಿಬೀಳುವ ಮಗುವಿನ ಉಡುಪು ಅದು. ಕುಪ್ಪಸಕ್ಕೆ ಹಾಕುವ ಖಣದ ಬಟ್ಟೆಯಲ್ಲಿ ಹೊಲಿದು, ಅಂಚಿಗೆ ಜರಿ ಹಚ್ಚಿರುತ್ತಾರೆ. ನೋಡಲು ಬಹಳ ಚಂದ. ತಲೆಯ ಮೇಲಿರುವವರೆಗೆ ನನ್ನದೇನೂ ತಕರಾರಿಲ್ಲ. ಆದರೆ ಈ ಕಡೆ ಮಗುವನ್ನು ಹೊರಗೆ ಒಯ್ಯುವಾಗ ಅದನ್ನು ಮುಖದ ಮೇಲೆ ಪರದೆಯಂತೆ ಎಳೆದುಬಿಡುತ್ತಾರೆ. ಗಾಳಿಗೆ, ಬಿಸಿಲಿಗೆ, ಕಬ್ಬಿನ ಟ್ರ್ಯಾಕ್ಟರ್ ಎಬ್ಬಿಸುವ ಧೂಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಕಂಡವರ ಕಣ್ಣಿಗೆ ಅದೇ ಮದ್ದು. ಕೈಯಲ್ಲಿ ಎತ್ತಿಕೊಂಡ ಮಗುವಾದರೆ ಕೊಸರಿ ಮುಖ ಹೊರಗೆ ಹಾಕೀತು. ಎದೆಗೆ ಬಿಗಿದು ಕಟ್ಟಿದ ಮಗು ಎಲ್ಲಿಗೆ ಕೊಸರಬೇಕು?

ನಾವು ಸದಲಗಾಕ್ಕೆ ಬಂದದ್ದು ಮದುವೆಯಾದ ಹೊಸದರಲ್ಲಿ. ಗಂಡ ಇಲ್ಲಿಗೆ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ನನಗೆ ಊರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು. ನಮ್ಮ ಕಡೆ ಬಾಡಿಗೆ ಮನೆ ಕೇಳಿದರೆ ಮೊದಲು ಜಾತಿಯನ್ನು ಸುತ್ತಿ ಬಳಸಿ ವಿಚಾರಿಸುತ್ತಾರೆ. ಇಲ್ಲಿ "ನೀವು ತಿಂತೀರೇನ್ರಿ?" ಎಂದು ನೇರ ಕೇಳಿದರು. ಏನನ್ನು ಎಂದು ಕೇಳಿದ್ದು ನನ್ನ ದಡ್ಡತನ. ತಿನ್ನುವುದೆಂದರೆ ಮಾಂಸ. ಗಂಡ ಕಣ್ಣು ಮಿಟುಕಿಸದೆ "ಇಲ್ರಿ" ಎಂದರು. ಅಂದಿನಿಂದ ನಾವು ಕೋಳಿ ಸಾರು ತಿನ್ನಬೇಕೆಂದರೆ ಕಳ್ಳರಂತೆ ನಿಪ್ಪಾಣಿಯ ಹೋಟೆಲಿಗೆ ಹೋಗುತ್ತೇವೆ. ನಮ್ಮ ಹಣೆಬರಹ!

ಮನೆಯ ಒಡತಿ ಅಕ್ಕಾತಾಯಿ, ಜೈನರು, ಎಪ್ಪತ್ತು ದಾಟಿದವರು. ಊರವರಿಗೆಲ್ಲ ಅವರು ಆಯಿ, ಅಂದರೆ ತಾಯಿ. ನನಗೂ ಆಯಿ. ಕೆಳಗೆ ಅವರು, ಮಗ ಮತ್ತು ಸೊಸೆ ಸುನಂದಾ ಇದ್ದಾರೆ. ಮೇಲೆ ನಾವು. ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿದಿರುತ್ತದೆ. ನಾನು ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುವ ಹೊತ್ತಿಗೆ ಅವರು ಕಿಟಕಿ ಮುಚ್ಚುತ್ತಾರೆ. ಆದರೆ ಒಂದು ಮಾತೂ ಆಡಿದವರಲ್ಲ. ಮೊದಲ ತಿಂಗಳು ರಾಗಿ ಹಿಟ್ಟಿಗಾಗಿ ಅಲೆದು ಅಳುವಂತಾಗಿದ್ದಾಗ, "ನಾಚಣಿ ಅನಬೇಕ ಯವ್ವಾ, ರಾಗಿ ಅಂದ್ರ ಯಾರ ಕೊಡ್ತಾರ" ಎಂದು ಗಿರಣಿಗೆ ಜೊತೆಯಲ್ಲೇ ಬಂದರು. ಮರಾಠಿಯಲ್ಲಿ ರಾಗಿಗೆ ನಾಚಣಿ. ಅಂದು ನಾನು ಮುದ್ದೆ ತಿಂದು ಮಲಗಿದಾಗ ಈ ಊರಲ್ಲಿ ಬದುಕಬಹುದು ಎನ್ನಿಸಿತ್ತು.

ಬಾಣಂತನ ಮುಗಿಸಿ ಕೊಳ್ಳೇಗಾಲದಿಂದ ಮರಳುವಾಗ ಮಗುವಿನ ಜೊತೆ ಅದನ್ನು ಎದೆಗೆ ಕಟ್ಟಿಕೊಳ್ಳುವ ಆ ಬಟ್ಟೆಯನ್ನೂ ತಂದೆ. ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕ, ನಮ್ಮ ಬೀದಿಯ ಮಗ್ಗದಲ್ಲಿ ಹೇಳಿ ನೇಯಿಸಿದ ಹತ್ತಿ ಬಟ್ಟೆ. ಸೀರೆಯಷ್ಟು ನುಣುಪಿಲ್ಲ, ಬೆಡ್‌ಶೀಟಿನಷ್ಟು ದಪ್ಪವೂ ಇಲ್ಲ. ಮಗುವನ್ನು ಕಟ್ಟುವ ಮೊದಲು ರಾಗಿ ಹಿಟ್ಟಿನ ಚೀಲ ಕಟ್ಟಿಕೊಂಡು ಓಡಾಡಲು ಹೇಳಿದಳು. ಚೀಲ ಜಾರಿ ಬಿದ್ದು ಒಡೆದು ನಡುಮನೆಯೆಲ್ಲ ಹಿಟ್ಟಾಯಿತು. "ಅದು ಮಗು ಆಗಿದ್ದಿದ್ರೆ?" ಎಂದಳು ಅಕ್ಕ. ನಗುತ್ತಿದ್ದ ಅಮ್ಮ ಪೊರಕೆ ತರಲು ಎದ್ದಳು.

ಅಕ್ಕ ಹೇಳಿಕೊಟ್ಟದ್ದರಲ್ಲಿ ಕಷ್ಟದ್ದೇನೂ ಇಲ್ಲ, ಬಿಡುವಂಥದ್ದೂ ಏನೂ ಇಲ್ಲ. ನಾವು ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಕ್ಕೆ ಕಟ್ಟಬೇಕು. ಮಗುವಿನ ಗದ್ದ ಅದರ ಎದೆಗೆ ಒತ್ತಿರಬಾರದು, ನಡುವೆ ಬೆರಳು ಆಡುವಷ್ಟು ಜಾಗವಿರಬೇಕು. ಮಂಡಿಗಳು ಕುಂಡಿಗಿಂತ ಮೇಲಿದ್ದು, ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಹರಡಿರಬೇಕು. ಸಡಿಲ ಕಟ್ಟಿದರೆ ಮಗು ಒಳಗೇ ಮುದುಡಿ ಕುಸಿಯುತ್ತದೆ. ಹೆಗಲ ಮೇಲೆ ಬಟ್ಟೆಯನ್ನು ಅಗಲವಾಗಿ ಹರಡದಿದ್ದರೆ ಭಾರವೆಲ್ಲ ಕುತ್ತಿಗೆಗೆ ಬಂದು ಸಂಜೆಗೆ ನಮ್ಮ ಕಥೆ ಮುಗಿಯುತ್ತದೆ. ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲಬಾರದು, ಬೈಕು ಹತ್ತಬಾರದು. ಇಷ್ಟೆಲ್ಲ ಹೇಳಿ ಅಕ್ಕ ಕೊನೆಗೆ, "ಉಳಿದಿದ್ದೆಲ್ಲ ಮರೆತ್ರೂ ಇದೊಂದು ಮರೀಬೇಡ. ಮುಖ ಯಾವಾಗ್ಲೂ ನಿನ್ನ ಕಣ್ಣಿಗೆ ಕಾಣ್ತಿರಬೇಕು" ಎಂದಿದ್ದಳು.

ಆ ಒಂದನ್ನೇ ಈ ಊರು ನನಗೆ ಮಾಡಗೊಡಲಿಲ್ಲ. ಹಾಲಿನವಳು ಮುಚ್ಚಿದಳು, ತರಕಾರಿಯವಳು ಮುಚ್ಚಿದಳು, ಪಕ್ಕದ ಮನೆಯವರು ಮಾತಾಡುತ್ತಾ ಮಾತಾಡುತ್ತಾ ಮುಚ್ಚಿದರು. ನಮ್ಮ ಕಡೆಯೂ ಮಗುವಿನ ವಿಷಯದಲ್ಲಿ ಎಲ್ಲರೂ ಪಂಡಿತರೇ, ಆದರೆ ಮುಂದೆ ನಕ್ಕು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಇಲ್ಲಿ ಎದುರಿಗೇ ಹೇಳಿ, ಹೇಳುತ್ತಲೇ ಕೈಯನ್ನೂ ಹಾಕುತ್ತಾರೆ. ಯಾವುದು ಮೇಲು ಎಂದು ಕೇಳಬೇಡಿ. ಮಗು ಮೂಗಿನ ಮೇಲಿನ ಬಟ್ಟೆಯನ್ನು ತಾನೇ ತೆಗೆಯಲಾರದ ವಯಸ್ಸಿನಲ್ಲಿ, ಬೆನ್ನ ಹಿಂದೆ ಆಡಿಕೊಳ್ಳುವವರೇ ಎಷ್ಟೋ ವಾಸಿ.

ಬಟ್ಟೆಯ ಮೇಲೂ ಜನರ ಕಣ್ಣು ಬಿತ್ತು. "ಕಬ್ಬ ಕಡಿಯಾಕ ಬಂದಾವ್ರಂಗ ಕೂಸಿನ್ನ ಕಟ್ಕೊಂಡ ಹೊಂಟಾರ ನೋಡ್ರಿ ಅಕ್ಕೋರು" ಎಂದು ಅಂಗಡಿ ಕಟ್ಟೆಯಲ್ಲಿ ಕೂತವರು ನಕ್ಕರು. ಟೀಚರಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ಹಂಗಾಮಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದು ಗದ್ದೆಯಂಚಿನಲ್ಲಿ ಗುಡಿಸಲು ಹಾಕುವ ಹೆಂಗಸರು ಮಗುವನ್ನು ಕಟ್ಟಿಕೊಂಡೇ ಕಬ್ಬಿನ ಹೊರೆ ಹೊರುತ್ತಾರೆ. ಅವರ ಬೆವರಿನಿಂದ ಇಡೀ ಸೀಮೆಯ ಬಾಯಿ ಸಿಹಿಯಾಗುತ್ತದೆ, ಅವರ ಹಾಗೆ ಕಾಣುವುದು ಮಾತ್ರ ಅವಮಾನ! "ಅವರಂಗೇ ಕಾಣ್ತೀನಲ್ಲ, ಸಂತೋಷ" ಎಂದು ಹೇಳಿ ಮುಂದೆ ನಡೆದೆ.

ರಜೆ ಮುಗಿದು ಶಾಲೆಗೆ ಹೊರಟಾಗ ಮಗುವನ್ನು ನೋಡಿಕೊಳ್ಳುತ್ತೇನೆಂದವರು ಆಯಿಯೇ. "ನೀ ಸಾಲಿಗೆ ಹೋಗಬೇ, ನನ್ನ ತೊಡಿ ಖಾಲಿ ಐತಿ" ಎಂದರು. ಬೆಳಿಗ್ಗೆ ಬಿಟ್ಟು ಹೋದರೆ ಮಧ್ಯಾಹ್ನ ಬಂದು ಹಾಲು ಕುಡಿಸಿ ಮತ್ತೆ ಓಡುತ್ತಿದ್ದೆ. ಚುಕ್ಕಿ ನನ್ನನ್ನು ನೋಡಿ ನಗುವ ಮೊದಲೇ ಅವರನ್ನು ನೋಡಿ ನಕ್ಕಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಮುಖ ಮುಚ್ಚಬೇಡಿ ಎಂದು ದಿನವೂ ಹೇಳುತ್ತಿದ್ದೆ. ಅವರು ದಿನವೂ "ಆತು ಬಿಡ" ಎನ್ನುತ್ತಿದ್ದರು. ಬಟ್ಟೆಯನ್ನು ಅವರು ಕಟ್ಟಿಕೊಂಡಿರಲಿಲ್ಲ. "ಇದೇನ ಹಿಂಗ ಬಿಗೀತೀ, ಕೂಸಿನ ಎಲುಬ ಮುರೀತಾವ" ಎಂದು ಬೈಯುತ್ತಿದ್ದರು.

ಬೇಸಿಗೆ ಶುರುವಾದ ಮೇಲೆ ಒಂದು ದಿನ ಶಾಲೆ ಬೇಗ ಬಿಟ್ಟಿತು. ಬರುತ್ತಿದ್ದಾಗ ಬಸದಿಯ ಕಡೆಯಿಂದ ಆಯಿ ಎದುರಾದರು. ಅವರ ಮೈಮೇಲೆ ನನ್ನ ಬಟ್ಟೆ! ನನಗೆ ಖುಷಿಯಾಯಿತು. ಕೊನೆಗೂ ಕಟ್ಟಿಕೊಂಡರಲ್ಲ, ಗೆದ್ದೆ ಎಂದುಕೊಂಡು ನಗುತ್ತಾ ಹತ್ತಿರ ಹೋದೆ. ಹೋದಾಗ ಕಂಡಿತು. ಬಟ್ಟೆಯನ್ನು ಒಂದೇ ಹೆಗಲಿಗೆ ತೊಟ್ಟಿಲಿನ ಹಾಗೆ ಜೋತುಬಿಟ್ಟು, ಮಗುವನ್ನು ಸೊಂಟದ ಕೆಳಗೆ ಅಡ್ಡ ಮಲಗಿಸಿದ್ದರು. ಮುಖದ ಮೇಲೆ ಕುಂಚಿಗಿ. ಕುಂಚಿಗಿಯ ಮೇಲೆ ಅವರ ಸೆರಗು.

ಸೆರಗನ್ನೂ ಕುಂಚಿಗಿಯನ್ನೂ ಒಟ್ಟಿಗೇ ಕಿತ್ತೆ. ಚುಕ್ಕಿ ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಒತ್ತಿಹೋಗಿತ್ತು. ಕೂದಲು ಬೆವರಿಗೆ ಅಂಟಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ಎಳೆದು ಹೊರತೆಗೆದು ಹೆಗಲಿಗೆ ಹಾಕಿ ಬೆನ್ನು ಉಜ್ಜಿದೆ. ಅವಳು ಅಳಲಿಲ್ಲ. ಆ ಅಳದೇ ಇದ್ದ ಹೊತ್ತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಮೇಲೆ ಒಂದು ಸಲ ಬಿಕ್ಕಿ, ಉಸಿರೆಳೆದು, ಬೀದಿ ಕಿತ್ತುಹೋಗುವಂತೆ ಅತ್ತಳು.

ಅವಳ ಜೊತೆ ನಾನೂ ಕಿರುಚಿದೆ. "ಕೊಂದೇಬಿಡ್ತಿದ್ರಲ್ಲ! ಎಷ್ಟು ಸಲ ಹೇಳ್ಬೇಕು ನಿಮ್ಗೆ? ಮುಖ ಮುಚ್ಚಿದ್ರೆ ಉಸಿರು ಕಟ್ಟಿ ಮಗು ಸತ್ತೋಗುತ್ತೆ! ಕಾಯಿಲೆ ಬೇಡ, ಕಣ್ಣು ತಾಗೋದೂ ಬೇಡ, ನಿಮ್ಮ ಕೈಯಲ್ಲೇ ಸತ್ತೋಗುತ್ತೆ!" ಬೀದಿಯಲ್ಲಿ ಹೋಗುವವರೆಲ್ಲ ನಿಂತರು. ಹಿರಿಯರಿಗೆ ಹೀಗೆ ಯಾರೂ ಮಾತಾಡಿದ್ದನ್ನು ಆ ಬೀದಿ ಕಂಡಿರಲಿಕ್ಕಿಲ್ಲ. ಖಾಲಿ ಬಟ್ಟೆ ಹೆಗಲಿಂದ ಜೋಲುತ್ತಿದ್ದಂತೆಯೇ ಆಯಿ ಯಾರದೋ ಮನೆಯ ಕಟ್ಟೆಯ ಮೇಲೆ ಕುಸಿದು ಕೂತರು.

ಚಿಕ್ಕೋಡಿಯ ಡಾಕ್ಟರು ನೋಡಿ, ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ತೆಗೆದಿರಿ ಎಂದರು. ಗಂಡ ರಾತ್ರಿ ಪಾಳಿಗೆ ಹೊರಡುವಾಗ, "ವಯಸ್ಸಾದವರು, ಬೀದಿಯಲ್ಲಿ ಹಾಗೆ ಅನ್ನಬಾರದಿತ್ತು" ಎಂದರು. ನಾನು ಅವರ ಮೇಲೆ ಚಪ್ಪಲಿ ಎಸೆಯಲಿಲ್ಲ, ಅದೇ ದೊಡ್ಡದು. ನಾನು ಹೇಳಿದ್ದರಲ್ಲಿ ಒಂದು ಮಾತು ಸುಳ್ಳಿದ್ದರೆ ತೋರಿಸಿ ಎಂದೆ. ಅವರು ಊಟದ ಡಬ್ಬಿ ತೆಗೆದುಕೊಂಡು ಹೊರಟರು.

ಮರುದಿನದಿಂದ ನನ್ನ ಮಗುವನ್ನು ಯಾರೂ ಮುಟ್ಟಲಿಲ್ಲ. ನಾನು ಬೇಡಿದ್ದೇ ಅದು, ಸಿಕ್ಕಿತು. ಹಾಲಿನವಳು ಪಾತ್ರೆಗೆ ಹಾಲು ಸುರಿದು ತಲೆ ಎತ್ತದೆ ಹೋದಳು. ಬಾಗಿಲಲ್ಲಿ ಕಂಡವರು ಮಗುವನ್ನು ನೋಡದೆ ನನ್ನನ್ನಷ್ಟೇ ಮಾತಾಡಿಸಿದರು. ಚುಕ್ಕಿ ಮೆಟ್ಟಿಲ ಕಡೆ ಕತ್ತು ಹೊರಳಿಸಿ ಆಯಿಯ ದನಿಗೆ ಕಾಯುತ್ತಿದ್ದಳು. ನಾನು ಅವಳನ್ನು ಎದೆಗೆ ಕಟ್ಟಿಕೊಂಡೇ ಶಾಲೆಗೆ ಹೋದೆ. "ಇದು ಸಾಲಿಗಿ ಶೋಭಾ ಅಲ್ರಿ ಅಕ್ಕೋರ" ಎಂದರು ಮುಖ್ಯೋಪಾಧ್ಯಾಯರು. "ಹಾಗಾದ್ರೆ ಸ್ಟಾಫ್ ರೂಮಿಗೆ ತೊಟ್ಟಿಲು ಹಾಕಿಸಿ ಸರ್" ಎಂದೆ. ತೊಟ್ಟಿಲು ಬರಲಿಲ್ಲ, ಮತ್ತೆ ಅವರೂ ಮಾತೆತ್ತಲಿಲ್ಲ. ಒಂಬತ್ತನೇ ತರಗತಿಗೆ ತ್ರಿಕೋನಗಳನ್ನು ಕಲಿಸುವಾಗ ಮಗಳು ನನ್ನ ಎದೆಯ ಮೇಲೆ ಗೊರಕೆ ಹೊಡೆದಳು. ಇಂಥ ಗೆಲುವನ್ನು ಮನೆಗೆ ಹೋಗಿ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಅಮ್ಮ ಫೋನಿನಲ್ಲಿ ಅತ್ತಳು. "ಬಂದ್‌ಬಿಡು. ಆ ಜನರ ಕೈಗೆ ಮಗು ಕೊಡಬೇಡ" ಎಂದಳು. ಸರಿ ಎನ್ನಲು ಬಾಯಿ ತೆರೆದವಳಿಗೆ ಥಟ್ಟನೆ ಅವಳ ಮೇಲೇ ಸಿಟ್ಟು ಬಂತು. "ಆ ಜನ ಅಂದ್ರೆ ಯಾರಮ್ಮ? ನೀನು ತೊಟ್ಟಿಲ ಮೇಲೆ ಟವೆಲ್ ಹೊದಿಸ್ತಿರಲಿಲ್ವಾ?" ಎಂದೆ. ಅಮ್ಮ ಫೋನ್ ಇಟ್ಟುಬಿಟ್ಟಳು.

ಆ ವಾರವೇ ಸುನಂದಾ ಮೆಣಸಿನಕಾಯಿ ಒಣಹಾಕಲು ಮಹಡಿಗೆ ಬಂದರು. ಬಾಗಿಲಲ್ಲಿ ನಿಂತು, "ಅತ್ತಿ ಸರಿಯಾಗಿ ಊಟಾ ಮಾಡವಲ್ರು" ಎಂದರು.

"ನನ್ನ ಮೇಲೆ ಅಷ್ಟು ಸಿಟ್ಟಾ?" ಎಂದೆ.

"ಸಿಟ್ಟಲ್ರಿ. ನಿಮಗ ಗೊತ್ತಿಲ್ಲ." ಅವರು ಒಳಗೆ ಬಂದು ಕೂತರು. "ನಮ್ಮ ಮನಿಯವರು ಹುಟ್ಟೂಕಿಂತ ಮೊದಲ ಅತ್ತೀಗೆ ಒಂದ ಹೆಣ್ಣ ಕೂಸಿತ್ತರಿ. ತವರಮನಿ ಅಲಖನೂರದಿಂದ ಕರ್ಕೊಂಡ ಬರಾಕತ್ತಿದ್ರಂತ. ಬ್ಯಾಸಗಿ ದಿನ. ಬಸ್ಸಿನ್ಯಾಗ ಮಂದಿ ಕಣ್ಣ ಬೀಳಬಾರದಂತ ಕೂಸಿನ್ನ ಉಡ್ಯಾಗ ಹಾಕಿ ಮ್ಯಾಲೆ ಸೆರಗ ಹೊಚ್ಚಿದ್ರು. ಮನಿಗಿ ಬಂದ ತಗದ ನೋಡ್ತಾರ..." ಅವರು ಮಡಿಲಲ್ಲಿದ್ದ ಮೆಣಸಿನಕಾಯಿಯೊಂದರ ತೊಟ್ಟು ಮುರಿದರು. "ದಾರ್ಯಾಗ ಯಾರೋ ಮಾರಿ ನೋಡಿರಬೇಕು, ಇನ್ನಷ್ಟ ಮುಚ್ಚಬೇಕಾಗಿತ್ತು ಅಂತ ಹಿರ್‍ಯಾರೆಲ್ಲಾ ಬೈದ್ರಂತ. ಅವಾಗಿಂದ ಓಣ್ಯಾಗ ಯಾರ ಕೂಸ ಕಂಡ್ರೂ ಅತ್ತಿ ಮಾರಿ ಮುಚ್ಚತಾರ. ನೀವು ಅಂದ ಮಾತ ಅವರಿಗೆ ಅಲ್ಲಿ ಹೋಗಿ ಹತ್ತೇತ್ರಿ" ಎಂದರು.

ಸುನಂದಾ ಹೋದ ಮೇಲೆ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಮೊದಲಿಗಿಂತ ಹೆಚ್ಚಾಯಿತು. ಸೆರಗಿನ ಕೆಳಗೆ ಮಗು ಕಳೆದುಕೊಂಡು ಬಂದ ಎಳೆಯ ಹೆಂಗಸಿಗೆ, ಇನ್ನಷ್ಟು ಮುಚ್ಚಬೇಕಿತ್ತು ಎಂದವರು ಯಾರು? ಆ ಮಗು ಯಾಕೆ ಹೋಯಿತೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವ ಹಾಗಿಲ್ಲ. ಆದರೆ ಅವರಾರಿಗೂ ಗೊತ್ತಿರಲಿಲ್ಲವಲ್ಲ! ಗೊತ್ತಿಲ್ಲದೆಯೇ ತಪ್ಪನ್ನು ಅವಳ ತಲೆಗೆ ಕಟ್ಟಿ, ಅದಕ್ಕೆ ಅದೇ ವಿಷವನ್ನು ಮದ್ದೆಂದು ಕೊಟ್ಟರು. ಅವಳು ಪ್ರೀತಿಯಿಂದ ಜೀವಮಾನವಿಡೀ ಅದನ್ನು ಕಂಡವರ ಮಕ್ಕಳಿಗೆಲ್ಲ ಹಂಚಿದಳು. ಬೈಯೋಣವೆಂದರೆ ಆ ಹಿರಿಯರಲ್ಲಿ ಒಬ್ಬರೂ ಉಳಿದಿಲ್ಲ. ಉಳಿದವಳು ಒಬ್ಬಳೇ, ಅವಳಿಗೆ ನಾನು ಬೀದಿಯಲ್ಲಿ ನಿಂತು ಬೈದಾಗಿತ್ತು.

ಮರುದಿನ ಬಟ್ಟೆಯನ್ನೂ ಮಗುವನ್ನೂ ತೆಗೆದುಕೊಂಡು ಕೆಳಗೆ ಇಳಿದೆ. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಚುಕ್ಕಿ ಅವರನ್ನು ಕಂಡಕೂಡಲೇ ಮೈಯೆಲ್ಲ ಕುಣಿಸಿದಳು.

"ಏಳ್ರಿ ಆಯಿ. ಕಟ್ಟೂದು ತೋರಿಸ್ತೀನಿ" ಎಂದೆ. ನನ್ನ ಬಾಯಲ್ಲಿ ಈ ಕಡೆಯ ಮಾತು ಅರ್ಧಂಬರ್ಧ ಬರುತ್ತದೆ.

"ನನ್ನ ಕೈಯಾಗ ಕೊಡಬ್ಯಾಡ" ಎಂದರು, ಮೊರದಿಂದ ಕಣ್ಣೆತ್ತದೆ.

"ಕೈಯಾಗ ಕೊಡೂದಿಲ್ಲ. ಎದಿಗೆ ಕಟ್ಟತೀನಿ. ಏಳ್ರಿ."

"ಹಟಾ ಮಾಡಬ್ಯಾಡಬೇ. ನಾ ಮುಟ್ಟೂದಿಲ್ಲ ಅಂದ್ನೆಲ್ಲಾ."

"ಮುಟ್ಟದಿದ್ರ ನಾ ದಿನಾ ಹಿಂಗ ಕಟ್ಕೊಂಡ ಸಾಲಿಗೆ ಹೆಂಗ ಹೋಗ್ಲಿ? ಇವಳನ್ನ ಯಾರು ನೋಡಬೇಕು? ನಿಮ್ಮನ್ನ ಹುಡುಕಿ ಹುಡುಕಿ ಅಳ್ತಾಳ, ನಿಮಗ ಕೇಳಸೂದಿಲ್ಲೇನು?" ಎಂದು ರೇಗಿದೆ. ಅವರೂ ರೇಗಿ ಮೊರವನ್ನು ಕುಕ್ಕಿ ಎದ್ದುನಿಂತರು.

ಹಾಗೆ ಇಬ್ಬರೂ ಸಿಟ್ಟಿನಲ್ಲಿಯೇ ಕಟ್ಟತೊಡಗಿದೆವು. ಬಟ್ಟೆಯ ನಡುಭಾಗವನ್ನು ಅವರ ಎದೆಗೆ ಹಿಡಿದು, ಎರಡು ತುದಿಗಳನ್ನೂ ಬೆನ್ನ ಹಿಂದೆ ಅಡ್ಡ ಹಾಯಿಸಿ ಹೆಗಲ ಮೇಲಿಂದ ಮುಂದಕ್ಕೆ ತಂದೆ. ಚುಕ್ಕಿಯನ್ನು ಒಳಗೆ ಕೂರಿಸಿದೆ, ಅವಳ ಎದೆ ಅವರ ಎದೆಗೆ. "ಮ್ಯಾಲೆ, ಇನ್ನೂ ಮ್ಯಾಲೆ ಬರ್ಲಿ" ಎಂದು ಎತ್ತಿದೆ. "ಎಷ್ಟ ಬಿಗೀತೀ?" ಎಂದು ಗದರಿದರು. "ಬಿಗಿ ಇದ್ರನ ಕೂಸು ಜಾರೂದಿಲ್ರಿ" ಎಂದು ಅವರಷ್ಟೇ ಜೋರಾಗಿ ಗದರಿದೆ. ಮಂಡಿಗಳ ಕೆಳಗೆ ಬಟ್ಟೆ ಹರಡಿದೆ, ಹೆಗಲ ಮೇಲಿನ ಸುಕ್ಕು ಬಿಡಿಸಿದೆ, ಸೊಂಟದ ಹಿಂದೆ ಗಂಟಿನ ಮೇಲೆ ಗಂಟು ಹಾಕಿದೆ. ಬಗ್ಗುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಬೇಕು, ಒಂದು ಕೈ ಮಗುವಿನ ತಲೆಯ ಹಿಂದಿರಬೇಕು ಎಂದೆ. ಕೊನೆಗೆ ಅವರ ಬೆರಳನ್ನು ಹಿಡಿದು ಚುಕ್ಕಿಯ ಗದ್ದದ ಕೆಳಗೆ ಇಟ್ಟು ತೋರಿಸಿದೆ. "ಇಷ್ಟ ಜಾಗಾ ಇರಬೇಕ್ರಿ. ಘಳಿಗಿಗೊಮ್ಮೆ ನೋಡಬೇಕು."

ಅವರು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಮಗುವಿನ ಉಸಿರು ಅವರ ಬೆರಳಿಗೆ ತಾಗುತ್ತಿದ್ದಿರಬೇಕು.

"ಅಂವತ್ತ ನೀ ಅಂದಿ" ಎಂದರು. ದನಿ ಬಹಳ ಸಣ್ಣದಾಗಿತ್ತು. "ಮಾರಿ ಮುಚ್ಚಿದ್ರ ಕೂಸು ಉಸರ ಕಟ್ಟಿ ಸಾಯತೈತಿ ಅಂತ. ಖರೇ ಏನು?"

ಸುನಂದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಗಣಿತದ ಟೀಚರ್. ತಪ್ಪು ಉತ್ತರವನ್ನು ಸರಿ ಎಂದು ಯಾವ ಹುಡುಗಿಗೂ ಹೇಳಿದವಳಲ್ಲ. ಅಕ್ಕನ ಮಾತು, ಚುಕ್ಕಿಯ ತುಟಿಯ ಬಣ್ಣ, ಅವಳು ಅಳದೇ ಇದ್ದ ಆ ಹೊತ್ತು, ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು.

"ಇಲ್ಲರಿ ಆಯಿ" ಎಂದೆ. "ಸಿಟ್ಟಿನ್ಯಾಗ ಬಾಯಿಗೆ ಬಂದಂಗ ಅಂದೆ. ಸೆಕಿಗೆ ಮೈಮ್ಯಾಲೆ ಗುಳ್ಳಿ ಏಳತಾವ, ಅದಕ್ಕ ಮುಚ್ಚಬ್ಯಾಡ್ರಿ. ಅಷ್ಟ."

ಅವರು ನನ್ನನ್ನೇ ನೋಡಿದರು. ಓಣಿಯ ಅಷ್ಟೂ ಮಕ್ಕಳನ್ನು ಎತ್ತಿ ಆಡಿಸಿದವರಿಗೆ ಬೆವರುಗುಳ್ಳೆ ಯಾವುದು, ಸಾವು ಯಾವುದು ಎಂದು ನಾನು ಹೇಳಿಕೊಡಬೇಕೆ? ಆದರೂ "ಹಂಗೇನು" ಎಂದರು. ಮತ್ತೆ ಕೇಳಲಿಲ್ಲ. ಚುಕ್ಕಿಯನ್ನು ಕಟ್ಟಿಕೊಂಡು ಅಂಗಳಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆದರು, ನಿಂತು ತಲೆ ಬಗ್ಗಿಸಿ ಮುಖ ನೋಡಿದರು, ಮತ್ತೆ ನಡೆದರು. ಅಂದಿನಿಂದ ಇಂದಿನವರೆಗೂ ಅವರು ನಡೆಯುವುದು ಹಾಗೆಯೇ. ಬೀದಿಯಲ್ಲಿ ಯಾರಾದರೂ ಮಗುವಿನ ಮುಖಕ್ಕೆ ಕೈ ತಂದರೆ ಆ ಕೈಯ ಮೇಲೆ ಹೊಡೆಯುತ್ತಾರೆ. ಯಾಕೆಂದು ಯಾರಿಗೂ ಹೇಳುವುದಿಲ್ಲ.

ಗಂಡನಿಗೆ ಮಂಡ್ಯದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವ ಹಾಗಿದೆ. ಯಾವಾಗ ಬರುತ್ತೀರಿ ಎಂದು ನೀವೆಲ್ಲ ಕೇಳುತ್ತಿದ್ದೀರಿ. ಬರುವುದಿಲ್ಲ ಎನ್ನಲು ನನ್ನಲ್ಲಿ ಕಾರಣವಿಲ್ಲ. ಬರುತ್ತೇನೆ ಎಂದು ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೂ ಸಿಟ್ಟು ಬರುತ್ತದೆ. ಆಯಿ ಓದುವುದು ಮರಾಠಿ ಪೇಪರ್ ಮಾತ್ರ. ಈ ಬರಹ ಅವರ ಕಣ್ಣಿಗೆ ಬೀಳುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಹೌದು, ಮುಖ ಮುಚ್ಚಿದರೆ ಮಗು ಉಸಿರು ಕಟ್ಟಿ ಸಾಯಬಹುದು. ನಿಮ್ಮ ಮಕ್ಕಳ ಮುಖ ಮುಚ್ಚಬೇಡಿ. ಈ ನಿಜವನ್ನು ಹೇಳಲು ನನಗೆ ನೀವು ಬೇಕು. ಯಾರಿಗೆ ಇದನ್ನು ಹೇಳದೆ ನಾನು ಬಚ್ಚಿಟ್ಟುಕೊಂಡು ಬದುಕಬೇಕೋ ಅವರು ಇಲ್ಲಿ, ಕೆಳಗಿನ ಮನೆಯಲ್ಲಿದ್ದಾರೆ.